ಕಾರ್ಕ್ ಬಿರಡೆಗಳಿಂದ ಗೋಡೆಗೊಂದು ಪಿನ್ ಬೋರ್ಡ್

ಬಾಟಲಿಯ ಕಾರ್ಕ್ ಬಿರಡೆಗಳನ್ನು ಎಸೆಯಬೇಡಿ. ಹಳೆಯ ಫೋಟೋ ಫ್ರೇಮ್ ಒಂದಿದ್ದರೆ ಚೆಂದದ ಪಿನ್ ಬೋರ್ಡ್ ಆಗುತ್ತದೆ. ಕಾರ್ಕ್ ಅಂದರೆ ಓಕ್ ಜಾತಿಯ ಒಂದು ಮರದ ತೊಗಟೆ. ಮರ ಕಡಿಯುವುದಿಲ್ಲ, ಸಾಮಾನ್ಯವಾಗಿ 9 ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳು. ಅದಕ್ಕೇ ಪಿನ್ ಸಲೀಸಾಗಿ ಇಳಿಯುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ.

ಮೊದಲು ಬಿರಡೆಗಳನ್ನು ಆರಿಸಿಕೊಳ್ಳಿ. ಮೈಯೆಲ್ಲ ಒಂದೇ ಸಮ ನುಣುಪಾಗಿದ್ದರೆ ಅದು ಪ್ಲಾಸ್ಟಿಕ್ ಇರಬಹುದು, ಪಕ್ಕಕ್ಕಿಡಿ. 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಫ್ರೇಮಿಗೆ ಸುಮಾರು 55 ರಿಂದ 60 ಬಿರಡೆ ಬೇಕು.

ಇನ್ನು ಕತ್ತರಿಸುವುದು. ಕೆಲಸ ಕೆಡುವುದೇ ಇಲ್ಲಿ. ಒಣ ಕಾರ್ಕಿಗೆ ಚಾಕು ಹಾಕಿದರೆ ಪುಡಿ ಪುಡಿಯಾಗಿ ಉದುರುತ್ತದೆ, ಚಾಕು ಜಾರಿ ಬೆರಳಿಗೂ ತಾಗುತ್ತದೆ. ಹತ್ತು ನಿಮಿಷ ಹಬೆಯಲ್ಲಿಡಿ. ಮೆತ್ತಗಾಗಿ ಸ್ವಲ್ಪ ಉಬ್ಬುತ್ತದೆ. ಬಿಸಿ ಆರುವ ಮೊದಲೇ, ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಉದ್ದಕ್ಕೆ ಎರಡು ಹೋಳು ಮಾಡಿ. ಒತ್ತಬೇಡಿ, ಗರಗಸದಂತೆ ಹಿಂದೆ ಮುಂದೆ ಆಡಿಸಿ. ಎಲ್ಲವನ್ನೂ ಒಟ್ಟಿಗೆ ಹಬೆಗಿಟ್ಟರೆ ಅರ್ಧಕ್ಕೇ ಆರಿ ಗಟ್ಟಿಯಾಗುತ್ತವೆ. ಎಂಟು ಹತ್ತರಂತೆ ಇಡುವುದೇ ವಾಸಿ. ಆಮೇಲೆ ಒಂದು ದಿನ ಗಾಳಿಗೆ ಹರಡಿ. ಒದ್ದೆ ಇದ್ದರೆ ಅಂಟು ಹಿಡಿಯುವುದಿಲ್ಲ, ಬೂಷ್ಟೂ ಬರಬಹುದು.

ಫ್ರೇಮಿನ ಗಾಜು ತೆಗೆದು, ಹಿಂದಿನ ಹಲಗೆಯ ಮೇಲೆ ಅಂಟಿಲ್ಲದೆ ಸುಮ್ನೆ ಜೋಡಿಸಿ ನೋಡಿ. ಬಿರಡೆಯ ಉದ್ದ ಸಾಮಾನ್ಯವಾಗಿ 45 ಮಿ.ಮೀ., ಅಗಲ 24. ಎರಡು ಹೋಳು ಅಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಚೌಕ ಆಗುತ್ತದೆ ಅಲ್ವಾ? ಹಾಗಾಗಿ ಎರಡು ನಿಲ್ಲಿಸಿ, ಎರಡು ಮಲಗಿಸಿ ಹೋದರೆ ಚಾಪೆ ಹೆಣೆದ ಹಾಗೆ ಕಾಣುತ್ತದೆ. ಅಚ್ಚು ಇರುವ ಮುಖ ಮೇಲಕ್ಕೆ ಬರಲಿ. ಕಲೆಯಾದ ತುದಿಗಳೂ ಇರಲಿ, ನನಗಂತೂ ಅದೇ ಇಷ್ಟ. ಅಂಚಿನಲ್ಲಿ ಉಳಿದ ಸಂದಿಗೆ ತುಂಡು ಕತ್ತರಿಸಿ ಕೂರಿಸಿ.

ಜೋಡಣೆ ಒಪ್ಪಿಗೆಯಾದರೆ ಒಂದೊಂದಾಗಿ ಎತ್ತಿ, ಚಪ್ಪಟೆ ಬದಿಗೆ ಮರದ ಅಂಟು ಹಚ್ಚಿ ಅಲ್ಲೇ ಒತ್ತಿ. ರಾತ್ರಿಯಿಡೀ ಒಣಗಲಿ. ಪಿನ್ ಚುಚ್ಚುವಾಗ ಹೋಳಿನ ಉಬ್ಬಿದ ನಡುಭಾಗಕ್ಕೇ ಚುಚ್ಚಿ, ಸಂದಿಗಲ್ಲ.

ಮಿಕ್ಕ ಬಿರಡೆಗಳನ್ನು ಬಿಲ್ಲೆಗಳಾಗಿ ಕೊಯ್ದು ಬಿಸಿ ಪಾತ್ರೆ ಇಡುವ ಮಣೆಯನ್ನೂ ಮಾಡಬಹುದು. ಅದಕ್ಕೆ ಮಾತ್ರ ಗ್ಲೂ ಗನ್ (ಅಂಟಿನ ಕಡ್ಡಿಯನ್ನು ಬಿಸಿಯಿಂದ ಕರಗಿಸಿ ಹಚ್ಚುವ ಸಾಧನ) ಬೇಡ. ಪಾತ್ರೆಯ ಬಿಸಿಗೆ ಆ ಅಂಟು ಕರಗಿ ಬಿಲ್ಲೆಗಳು ಬಿಟ್ಟುಕೊಳ್ಳುತ್ತವೆ. ಬಿಸಿ ತಡೆಯುವ ಅಂಟನ್ನೇ ಕೇಳಿ ತನ್ನಿ.