ಲೈಬ್ರರಿಯಲ್ಲಿ ಮೊದಲು ಬಾಯಿ ಬಿಡಿ

ಲೈಬ್ರರಿ ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’ ಅಂತ ಬರೆದಿರುತ್ತಾರಲ್ಲ, ಆ ಬೋರ್ಡನ್ನು ನಾನು ಸ್ವಲ್ಪ ಜಾಸ್ತಿಯೇ ನಂಬಿಬಿಟ್ಟಿದ್ದೆ. ಓದು ಮುಗಿದ ಮೇಲೆ ಆ ಕಡೆ ತಲೆ ಹಾಕದವಳು ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಹೋದೆ. ಅಪ್ಪನಿಗೆ ಕಿಡ್ನಿ ತೊಂದರೆ ಶುರುವಾಗಿತ್ತು. ಡಾಕ್ಟರು ಹತ್ತು ನಿಮಿಷ ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಎರಡು ನಿಮಿಷದಷ್ಟು. ಫೋನಿನಲ್ಲಿ ಹುಡುಕಿದರೆ ಒಬ್ಬರು ಒಳ್ಳೆಯದು ಅಂದದ್ದನ್ನು ಇನ್ನೊಬ್ಬರು ವಿಷ ಅನ್ನುತ್ತಿದ್ದರು. ಲೈಬ್ರರಿಯಲ್ಲಿ ಒಂದೂವರೆ ಗಂಟೆ ಕಪಾಟುಗಳ ನಡುವೆ ಸುತ್ತಿದೆ. ಯಾರನ್ನೂ ಏನೂ ಕೇಳಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದೆ.

ಎರಡನೇ ಸಲ ಧೈರ್ಯ ಮಾಡಿ ಕೌಂಟರಿನಲ್ಲಿ ಕೇಳಿದೆ. “ಸರ್, ಆರೋಗ್ಯದ ಪುಸ್ತಕಗಳು ಎಲ್ಲಿವೆ?” ಲೈಬ್ರೇರಿಯನ್ ಕೈ ತೋರಿಸಿದರು. ನಾನು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಕರೆದರು. “ಮೇಡಂ, ಒಂದು ನಿಮಿಷ. ಯಾರಿಗೆ ಬೇಕಿತ್ತು?” ಅಪ್ಪನ ವಿಷಯ ಹೇಳಿದೆ. “ಕಾಯಿಲೆ ಏನು ಅಂತ ತಿಳಿಯಬೇಕಾ, ಊಟಕ್ಕೆ ಏನು ಕೊಡಬೇಕು ಅಂತಲಾ?” ಎರಡೂ, ಅಂದೆ. ಅವರು ಎದ್ದು ಬಂದು ಮೂರು ಕಪಾಟಿಗೆ ಕರೆದುಕೊಂಡು ಹೋದರು. ಕಿಡ್ನಿ ಕಾಯಿಲೆಯ ಪುಸ್ತಕ 616.61 ಅನ್ನುವ ನಂಬರಿನ ಕಡೆ. ಕಾಯಿಲೆಯವರಿಗೆ ಮಾಡುವ ಅಡುಗೆ 641.563ರಲ್ಲಿ, ಅಂದರೆ ಬೇರೆಲ್ಲ ಅಡುಗೆ ಪುಸ್ತಕಗಳ ಜೊತೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಪುಸ್ತಕ 649.8ರಲ್ಲಿ, ಮಕ್ಕಳನ್ನು ಬೆಳೆಸುವ ಪುಸ್ತಕಗಳ ಪಕ್ಕ. ಈ ಮೂರನೆಯದು ನನಗೆ ಬೇಕು ಅಂತ ನನಗೇ ಗೊತ್ತಿರಲಿಲ್ಲ.

ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದು ವಿಷಯದ ಪ್ರಕಾರ, ನಮ್ಮ ಕಷ್ಟದ ಪ್ರಕಾರ ಅಲ್ಲ. ನಮ್ಮ ಒಂದು ಕಷ್ಟ ಅಲ್ಲಿ ಮೂರು ನಾಲ್ಕು ಕಪಾಟಿಗೆ ಹಂಚಿಹೋಗಿರುತ್ತದೆ. ಕಂಪ್ಯೂಟರಿನ ಕ್ಯಾಟಲಾಗ್ ನಾವು ಟೈಪ್ ಮಾಡಿದ ಪದವನ್ನಷ್ಟೇ ಹುಡುಕುತ್ತದೆ. ‘ಯಾರಿಗೆ ಬೇಕಿತ್ತು’ ಅಂತ ಅದು ಕೇಳುವುದಿಲ್ಲ. ಹಾಗೆ ತಿರುಗಿ ಕೇಳುವುದನ್ನು ಲೈಬ್ರೇರಿಯನ್‌ಗಳಿಗೆ ಓದಿನಲ್ಲೇ ಕಲಿಸಿರುತ್ತಾರೆ. ಪಾಪ, ಅವರಿಗೆ ಯಾಕೆ ತೊಂದರೆ ಅಂತ ಸುಮ್ನಿರಬೇಡಿ. ಗಣಿತದ ಮೇಷ್ಟ್ರಾಗಿದ್ದು ಆಮೇಲೆ ಲೈಬ್ರೇರಿಯನ್ ಆದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ನಾಲ್ಕನೆಯದು ‘ಓದುಗರ ಸಮಯ ಉಳಿಸಿ’. ನನ್ನ ಒಂದೂವರೆ ಗಂಟೆ ಹಾಳಾದದ್ದರಲ್ಲಿ ಅವರ ಸೂತ್ರದ ತಪ್ಪೇನೂ ಇರಲಿಲ್ಲ.

ಕೇಳುವಾಗ ವಿಷಯದ ಹೆಸರೊಂದನ್ನೇ ಹೇಳಬೇಡಿ. ಯಾರಿಗೆ, ಯಾವುದಕ್ಕೆ, ಎಷ್ಟು ಗೊತ್ತಿದೆ, ಯಾವತ್ತಿನೊಳಗೆ ಬೇಕು ಅನ್ನುವುದನ್ನು ಸೇರಿಸಿ. ‘ಕಾನೂನು ಪುಸ್ತಕ ಇದೆಯಾ’ ಅಂದರೆ ದಪ್ಪನೆಯ ಸಂಪುಟಗಳ ಕಡೆ ಕೈ ತೋರಿಸುತ್ತಾರೆ. ‘ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ, ಶುಕ್ರವಾರದೊಳಗೆ ಒಂದು ಪತ್ರ ಬರೆಯಬೇಕು, ಕಾನೂನು ಏನೂ ಗೊತ್ತಿಲ್ಲ’ ಅಂದರೆ ಸರಳವಾದ ಕೈಪಿಡಿಯೋ ಅರ್ಜಿಯ ಮಾದರಿಯೋ ಸಿಗಬಹುದು. ಒಂದು ಮಾತು ನೆನಪಿರಲಿ: ಅವರು ಮಾಹಿತಿ ಎಲ್ಲಿದೆ ಅಂತ ತೋರಿಸುತ್ತಾರೆ, ಸಲಹೆ ಕೊಡುವುದಿಲ್ಲ. ಈ ಮಾತ್ರೆ ಬಿಡಬಹುದಾ, ಕೇಸ್ ಹಾಕಲಾ ಅಂತ ಅವರನ್ನು ಕೇಳಬಾರದು. ಗುಟ್ಟಿನ ವಿಷಯವಾದರೆ ಚೀಟಿಯಲ್ಲಿ ಬರೆದು ಕೊಡಿ. ಕೌಂಟರಿನ ಮುಂದೆ ಸಾಲು ನಿಂತಿರುವಾಗ ಮನೆಯ ವಿಷಯ ಹೇಳಿಕೊಳ್ಳುವುದು ಯಾರಿಗಾದರೂ ಕಷ್ಟ, ಅಲ್ವಾ?

ಇನ್ನು ಆ ನಂಬರುಗಳು. ಬಹಳ ಲೈಬ್ರರಿಗಳು ಬಳಸುವುದು ಅಮೆರಿಕದ ಲೈಬ್ರೇರಿಯನ್ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. 500ರಲ್ಲಿ ವಿಜ್ಞಾನ, 600ರಲ್ಲಿ ವೈದ್ಯ, ಕೃಷಿ, ಅಡುಗೆಯಂಥ ಕೆಲಸದ ವಿದ್ಯೆಗಳು, 800ರಲ್ಲಿ ಸಾಹಿತ್ಯ, 900ರಲ್ಲಿ ಚರಿತ್ರೆ. ಎಲ್ಲರೂ ಎಡವುವುದು ಚುಕ್ಕಿಯ ನಂತರ. 616.12 ಮೊದಲು ಬರುತ್ತದಾ, 616.4 ಮೊದಲಾ? ನಾಲ್ಕಕ್ಕಿಂತ ಹನ್ನೆರಡು ದೊಡ್ಡದು ಅಂತ ನಾನು ಮುಂದೆ ಮುಂದೆ ಹುಡುಕಿದೆ. ತಪ್ಪು. ಚುಕ್ಕಿಯ ನಂತರ ಒಂದೊಂದೇ ಅಂಕಿ ಓದಬೇಕು. ಒಂದು ನಾಲ್ಕಕ್ಕಿಂತ ಚಿಕ್ಕದು, ಹಾಗಾಗಿ ಹೃದಯದ 616.12 ಮೊದಲು, ಆಮೇಲೆ ಸಕ್ಕರೆ ಕಾಯಿಲೆಯ 616.462, ಆಮೇಲೆ ಕಿಡ್ನಿಯ 616.61. ಪುಸ್ತಕದ ಬೆನ್ನಿನ ಚೀಟಿಯಲ್ಲಿ ನಂಬರಿನ ಕೆಳಗೆ ಎರಡು ಮೂರು ಅಕ್ಷರ ಇರುತ್ತವಲ್ಲ, ಅವು ಸಾಮಾನ್ಯವಾಗಿ ಲೇಖಕರ ಹೆಸರಿನವು. ಎಡಬಲದಲ್ಲಿರುವ ಪುಸ್ತಕಗಳನ್ನೂ ಒಮ್ಮೆ ತೆಗೆದು ನೋಡಿ. ಹುಡುಕಿದ್ದಕ್ಕಿಂತ ಒಳ್ಳೆಯದು ಪಕ್ಕದಲ್ಲೇ ಇರುತ್ತದೆ.

ನಮ್ಮ ಕನ್ನಡ ಸಾಹಿತ್ಯ ಎಲ್ಲಿದೆ ಗೊತ್ತಾ? 894.814. ಡ್ಯೂಯಿ 810ರಿಂದ 880ರವರೆಗೆ ಅಮೆರಿಕ, ಇಂಗ್ಲಿಷ್, ಜರ್ಮನ್, ಫ್ರೆಂಚ್, ಗ್ರೀಕ್ ಅಂತ ಹಂಚಿ, ಉಳಿದ ಭಾಷೆಗಳನ್ನೆಲ್ಲ 890ಕ್ಕೆ ತುಂಬಿಬಿಟ್ಟರು. ಇಂಗ್ಲಿಷ್ ಸಾಹಿತ್ಯಕ್ಕೆ ಮೂರಂಕಿ ಸಾಕು, ನಮಗೆ ಆರಂಕಿ ಬೇಕು. ನೋಡಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ ನಂಬರು ಬಾಯಿಪಾಠ ಆಗಿದೆ.

ವೈದ್ಯ, ಕಾನೂನು, ತೆರಿಗೆ, ಕಂಪ್ಯೂಟರ್ ಪುಸ್ತಕವಾದರೆ ಮೊದಲು ಮುಖಪುಟದ ಹಿಂದಿನ ಹಾಳೆ ತೆರೆದು ಮುದ್ರಣದ ವರ್ಷ ನೋಡಿ. ವೈದ್ಯಕೀಯದಲ್ಲಿ ಐದು ವರ್ಷಕ್ಕಿಂತ ಹಳೆಯದನ್ನು ನಾನು ತರುವುದಿಲ್ಲ. ಅದೇ ಹಾಳೆಯಲ್ಲಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಅನ್ನುವ ನಂಬರೂ ಸಿಗುತ್ತದೆ. 2007ರಿಂದ ಅದಕ್ಕೆ 13 ಅಂಕಿ, ಅದಕ್ಕೂ ಮುಂಚಿನದಕ್ಕೆ 10. ಬೇಕಾದ ಪುಸ್ತಕ ಇಲ್ಲ ಅಂದರೆ ಆ ನಂಬರು ಬರೆದುಕೊಟ್ಟು ‘ಬೇರೆ ಲೈಬ್ರರಿಯಿಂದ ತರಿಸಬಹುದಾ, ಇಲ್ಲಾ ಕೊಳ್ಳುವ ಪಟ್ಟಿಗೆ ಹಾಕಬಹುದಾ’ ಅಂತ ಕೇಳಿ. ಬೇರೆಯವರು ಒಯ್ದಿದ್ದರೆ ನಿಮ್ಮ ಹೆಸರಿಗೆ ಕಾಯ್ದಿರಿಸಿ.

ಸದಸ್ಯತ್ವದ ನಿಯಮ ಒಂದೊಂದು ಲೈಬ್ರರಿಯಲ್ಲಿ ಒಂದೊಂದು ಥರ. ಗುರುತಿನ ಚೀಟಿ, ವಿಳಾಸದ ದಾಖಲೆ ಜೊತೆಯಲ್ಲಿರಲಿ. ಎಷ್ಟು ಪುಸ್ತಕ, ಎಷ್ಟು ದಿನ, ಫೋನಿನಲ್ಲೇ ರಿನ್ಯೂ ಆಗುತ್ತದಾ, ಇಷ್ಟು ಕೇಳಿದರೆ ಸಾಕು. ಕಾರ್ಡಿನ ನಂಬರಿನಿಂದ ಇ-ಪುಸ್ತಕವೂ ಸಿಗುತ್ತದಾ ಅಂತಲೂ ವಿಚಾರಿಸಿ. ಕೊಡುವ ಕಡೆಯಲ್ಲೂ ಕೆಲವು ಪುಸ್ತಕಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಕಂಪ್ಯೂಟರಿನಲ್ಲಿರುವ ಪುಸ್ತಕಕ್ಕೆ ಯಾಕೆ ಸಾಲು ಅಂತ ನಾನು ವಾದ ಮಾಡಿದ್ದೆ. ಪ್ರಕಾಶಕರು ಲೈಬ್ರರಿಗೆ ಕೊಡುವ ಲೈಸೆನ್ಸಿನಲ್ಲಿ ಹೆಚ್ಚಾಗಿ ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬರೇ ಓದಬೇಕು ಅಂತ ಇರುತ್ತದಂತೆ. ವಾದ ಅಲ್ಲಿಗೆ ಮುಗಿಯಿತು. ಕಣ್ಣು ಮಂಜಾದವರಿಗೆ ದೊಡ್ಡಕ್ಷರದ ಪುಸ್ತಕ, ಕೇಳುವ ಪುಸ್ತಕ ಇವೆಯಾ ಅಂತ ಬಾಯಿಬಿಟ್ಟು ಕೇಳಲೇಬೇಕು. ಅವು ಎಲ್ಲೋ ಒಂದು ಮೂಲೆಯಲ್ಲಿರುತ್ತವೆ.

ಕಲಿಕೆಯ ತರಗತಿಗಳ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ಲೈಬ್ರರಿಗೂ ಕಂಪ್ಯೂಟರ್ ಕ್ಲಾಸಿಗೂ ಏನು ಸಂಬಂಧ ಅಂತ ಗೊಣಗುವವರಿದ್ದಾರೆ. 1949ರಲ್ಲಿ ವಿಶ್ವಸಂಸ್ಥೆಯ ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಸಂಸ್ಥೆಯಾದ ಯುನೆಸ್ಕೊ ಹೊರಡಿಸಿದ ಮೊದಲ ಪ್ರಣಾಳಿಕೆಯೇ ಸಾರ್ವಜನಿಕ ಗ್ರಂಥಾಲಯವನ್ನು ಜನಶಿಕ್ಷಣದ ಜೀವಂತ ಶಕ್ತಿ ಅಂತ ಕರೆದಿತ್ತು. ನಾನು ಸೇರಿದ್ದು ಸ್ಪ್ರೆಡ್‌ಶೀಟ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕದ ಪಟ್ಟಿ ಮಾಡುವ ತರಗತಿ. ಮೊದಲ ದಿನ ಮೇಷ್ಟ್ರು ಯಾವುದೋ ಕಂಪನಿಯ ಸಂಬಳದ ಪಟ್ಟಿ ಮಾಡಿಸಿದರು. ಮನೆಗೆ ಬರುವಷ್ಟರಲ್ಲಿ ಎಲ್ಲ ಮರೆತಿತ್ತು. ಎರಡನೇ ದಿನ ಅಪ್ಪನ ರಕ್ತದ ರಿಪೋರ್ಟುಗಳನ್ನು ತೆಗೆದುಕೊಂಡು ಹೋದೆ. ಒಂದು ಕಾಲಮ್ಮಿನಲ್ಲಿ ತಾರೀಕು, ಇನ್ನೊಂದರಲ್ಲಿ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್, ಮತ್ತೊಂದರಲ್ಲಿ ಪೊಟ್ಯಾಸಿಯಂ. ಮೇಷ್ಟ್ರು ಪಕ್ಕದಲ್ಲಿ ನಿಂತು ಅದರಿಂದ ಗ್ರಾಫಿನ ಗೆರೆ ಎಳೆಯುವುದು ಹೇಗೆ ಅಂತ ತೋರಿಸಿದರು. ಹನ್ನೊಂದು ರಿಪೋರ್ಟು ಒಂದು ಗೆರೆಯಾಯಿತು. ಮುಂದಿನ ಸಲ ಡಾಕ್ಟರಿಗೆ ಆ ಹಾಳೆ ಕೊಟ್ಟರೆ, ಅವರು ಫೈಲು ಪಕ್ಕಕ್ಕಿಟ್ಟು ಅದನ್ನೇ ನೋಡಿದರು. ಹಾಗಾಗಿ ಯಾವ ತರಗತಿಗೆ ಹೋದರೂ ನಿಮ್ಮದೇ ಒಂದು ಕೆಲಸ ಕೈಯಲ್ಲಿ ಹಿಡಿದು ಹೋಗಿ.

ಸೀಟು ತುಂಬಿದೆ ಅಂದರೆ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ, ಆ ದಿನ ಹತ್ತು ನಿಮಿಷ ಮುಂಚೆ ಹೋಗಿ ನಿಂತುಕೊಳ್ಳಿ. ಉಚಿತ ತರಗತಿಗೆ ಹೆಸರು ಕೊಟ್ಟು ಬಾರದವರು ಯಾವಾಗಲೂ ಇರುತ್ತಾರೆ. ಓದುಗರ ಬಳಗಕ್ಕೆ ಹೋಗಲು ಪುಸ್ತಕ ಪೂರ್ತಿ ಓದಿರಬೇಕು ಅಂತೇನಿಲ್ಲ. ಅರ್ಧ ಓದಿ ಯಾಕೆ ಬಿಟ್ಟಿರಿ ಅಂತ ಹೇಳಿದರೂ ಚರ್ಚೆ ಚೆನ್ನಾಗಿ ನಡೆಯುತ್ತದೆ. 2000ದಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ‘ಹ್ಯೂಮನ್ ಲೈಬ್ರರಿ’ ನಿಮ್ಮ ಹತ್ತಿರ ನಡೆದರೆ ತಪ್ಪಿಸಿಕೊಳ್ಳಬೇಡಿ. ಅಲ್ಲಿ ಪುಸ್ತಕದ ಬದಲು ಮನುಷ್ಯರನ್ನೇ ಅರ್ಧ ಗಂಟೆ ಎರವಲು ಪಡೆದು ಅವರ ಬದುಕಿನ ಬಗ್ಗೆ ಕೇಳಬಹುದು.

ಲೈಬ್ರರಿ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವವರು ನೋಡಿದ್ದರ ಗುರುತನ್ನು ಬ್ರೌಸರಿನಲ್ಲಿ ಉಳಿಸದ ಪ್ರೈವೇಟ್ ವಿಂಡೋ ತೆರೆದುಕೊಳ್ಳಿ, ಪಾಸ್‌ವರ್ಡ್ ಸೇವ್ ಮಾಡಬೇಡಿ. ಏಳುವಾಗ ಲಾಗ್ ಔಟ್ ಮಾಡಿ, ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ನಾನು ಒಮ್ಮೆ ಅಪ್ಪನ ರಿಪೋರ್ಟನ್ನು ಪರದೆಯ ಮೇಲೆ ಹಾಗೇ ಬಿಟ್ಟು ಹೋಗಿದ್ದೆ. ನಂತರ ಕೂತ ಹುಡುಗಿ ಮೆಟ್ಟಿಲಿನವರೆಗೆ ಓಡಿ ಬಂದು ಹೇಳಿದಳು.

ನೋಟಿಸ್ ಬೋರ್ಡನ್ನು ವಾರಕ್ಕೊಮ್ಮೆ ಓದಿ. ಉಚಿತ ಕಾನೂನು ನೆರವು, ಆರೋಗ್ಯ ತಪಾಸಣೆ, ಅರ್ಜಿಯ ಕೊನೆಯ ದಿನ, ಇಂಥವೆಲ್ಲ ಒಂದೇ ಕಡೆ ಸಿಗುವುದು ಅಪರೂಪ. ಓದುವಾಗ ತಾರೀಕು ನೋಡಿ, ನಡೆಸುವವರು ಯಾರು ಅಂತ ನೋಡಿ. ನಾನು ಹೋದ ‘ಉಚಿತ ಹಣಕಾಸು ಮಾಹಿತಿ’ ಸಭೆಯಲ್ಲಿ ಇಪ್ಪತ್ತನೇ ನಿಮಿಷಕ್ಕೆ ಪಾಲಿಸಿ ಫಾರಂ ಹಂಚಿದರು. ಸಂಶಯ ಬಂದರೆ, ಇದು ನಿಮ್ಮದೇ ಕಾರ್ಯಕ್ರಮವಾ ಅಂತ ಕೌಂಟರಿನಲ್ಲಿ ಕೇಳಿ.

ಕೊನೆಯದಾಗಿ, ಪುಸ್ತಕ ನೆನೆದರೆ. ಆ 649.8ರ ಪುಸ್ತಕ ನನ್ನ ಬ್ಯಾಗಿನೊಳಗೇ ಮಳೆಗೆ ನೆನೆಯಿತು. ಹೆದರಿ ಮೂರು ದಿನ ಬೀರುವಿನಲ್ಲಿ ಮುಚ್ಚಿಟ್ಟೆ. ತೆಗೆದರೆ ಬೂಷ್ಟು ಹಿಡಿದಿತ್ತು. ಒದ್ದೆ ಪುಸ್ತಕಕ್ಕೆ ಬೂಷ್ಟು ಹಿಡಿಯಲು 48 ಗಂಟೆ ಸಾಕು. ಆ ದಿನವೇ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ಇಪ್ಪತ್ತು ಹಾಳೆಗೊಂದರಂತೆ ಟಿಶ್ಯೂ ಪೇಪರ್ ಇಟ್ಟು ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು. ಟಿಶ್ಯೂ ಒದ್ದೆಯಾದಂತೆ ಬದಲಾಯಿಸುತ್ತಿರಬೇಕು. ಬಿಸಿಲು ಬೇಡ, ಇಸ್ತ್ರಿ ಬೇಡ, ಹರಿದದ್ದಕ್ಕೆ ಟೇಪು ಬೇಡವೇ ಬೇಡ. ಆ ದಿನ ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಅದೇ ಲೈಬ್ರೇರಿಯನ್. “ಮೊದಲ ದಿನವೇ ಒಂದು ಫೋನ್ ಮಾಡಿದ್ದರೆ ಪುಸ್ತಕ ಉಳಿಯುತ್ತಿತ್ತಲ್ಲ ಮೇಡಂ” ಅಂದರು. ಹೊಸ ಪ್ರತಿ ತಂದುಕೊಟ್ಟೆ. ಮೊನ್ನೆ ತೆಗೆದು ನೋಡಿದೆ, ಹಿಂದಿನ ಚೀಟಿಯಲ್ಲಿ ನಾಲ್ಕು ತಾರೀಕಿನ ಮುದ್ರೆ ಬಿದ್ದಿವೆ.