ಟನ್ ಲೆಕ್ಕ ಬಿಟ್ಟು ದಾರಿಯ ಲೆಕ್ಕ ಹಿಡಿದದ್ದು: ಯಂತ್ರ ಸಾಗಣೆ ಗುತ್ತಿಗೆಯಲ್ಲಿ ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಭಾರಿ ಯಂತ್ರಗಳನ್ನು ಸಾಗಿಸಿ ಕೂಡಿಸುವ ಗುತ್ತಿಗೆ ಹಿಡಿಯುವ ನಮ್ಮವರಲ್ಲಿ ಅನೇಕರು ಇಂದಿಗೂ ಟನ್ನಿಗೆ ಇಷ್ಟು ಎಂದೇ ದರ ಹೇಳುತ್ತಾರೆ. ನಾನು ಆ ಪದ್ಧತಿ ಬಿಟ್ಟು ನಾಲ್ಕೈದು ವರ್ಷಗಳಾದವು. ಬಿಟ್ಟ ಹೊಸತರಲ್ಲಿ “ಗಿರಾಕಿ ಟನ್ನಿನ ರೇಟು ಕೇಳ್ತಾನ, ನೀವು ಪುರಾಣ ಹೇಳ್ತೀರಿ, ಯಾರು ಕೆಲಸಾ ಕೊಡ್ತಾರ್ರೀ?” ಎಂದು ನಕ್ಕವರಲ್ಲಿ ಇಬ್ಬರು ಈಗ ನನ್ನ ಕೊಟೇಶನ್ನಿನ ನಮೂನೆಯನ್ನೇ ಬಳಸುತ್ತಿದ್ದಾರೆ ಎಂಬುದನ್ನು ತುಸು ಹೆಮ್ಮೆಯಿಂದಲೇ ಹೇಳುತ್ತೇನೆ.

ತಾರಿಹಾಳದಲ್ಲಿ ರಸ್ತೆಗೆ ಮುಖ ಮಾಡಿದ ಶೆಡ್ಡೊಂದಕ್ಕೆ ಎಂಟು ಟನ್ನಿನ ಪವರ್ ಪ್ರೆಸ್ಸನ್ನು ಒಂದೇ ಹೈಡ್ರಾದಿಂದ (ಗಾಲಿಗಳ ಮೇಲೆ ಓಡಾಡುವ ಕ್ರೇನ್) ಅರ್ಧ ದಿನದಲ್ಲಿ ಇಳಿಸಿ ಕೂಡಿಸಿದ್ದೆವು. ಅದೇ ವರ್ಷ ಗದಗ-ಬೆಟಗೇರಿಯ ಒಂದು ಮುದ್ರಣಾಲಯಕ್ಕೆ ಬಂದ ಹಳೆಯ ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರದ ಬಿಡಿ ಯೂನಿಟ್ಟುಗಳಲ್ಲಿ ಯಾವುದೂ ಐದು ಟನ್ ದಾಟಿರದಿದ್ದರೂ ಆ ಕೆಲಸ ನಮ್ಮನ್ನು ಐದಾರು ದಿನ ಹಿಡಿದಿಟ್ಟಿತು. ಓಣಿಯಲ್ಲಿ ಹೈಡ್ರಾ ತಿರುಗಲಿಲ್ಲ; ಟ್ರೇಲರನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ಅಲ್ಲಿಂದ ಸ್ಕೇಟಿನ (ಯಂತ್ರದ ಅಡಿಗೆ ಇಡುವ ಗಿಡ್ಡ ಗಾಲಿ ಹಲಗೆ) ಮೇಲೆ ಎಳೆದು, ಒಳಗಿನ ಶಹಾಬಾದ್ ಫರ್ಸಿ ಒಡೆಯದಂತೆ ಹತ್ತು ಎಂಎಂ ಪ್ಲೇಟುಗಳನ್ನು ಹಾಸುತ್ತ ಸಾಗಬೇಕಾಯಿತು. ಬಾಗಿಲ ಚೌಕಟ್ಟು ಬಿಚ್ಚಲು ಮಾಲೀಕರು ಗೌಂಡಿಯನ್ನು ಕರೆಸುವವರೆಗೆ ನಮ್ಮ ಹುಡುಗರು ಸುಮ್ಮನೆ ಕುಳಿತರು, ಪಗಾರವಂತೂ ನಿಲ್ಲಲಿಲ್ಲ. ಟನ್ ಲೆಕ್ಕದಲ್ಲಿ ಬಂದದ್ದು ಸುಮಾರು 70,000 ರೂಪಾಯಿ, ಕೈಯಿಂದ ಹೋದದ್ದು ಲಕ್ಷದ ಮೇಲೆ. ಅಣ್ಣಿಗೇರಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ರಾತ್ರಿ ಮಳೆಯಾಗಿ ಎರಿ ನೆಲದಲ್ಲಿ ಹೈಡ್ರಾ ಹೂತುಹೋದದ್ದು ಇನ್ನೊಂದು ಕಥೆ. ಜೆಸಿಬಿ ತರಿಸಿ ಎಳೆಸಿದ್ದು ಮತ್ತು ಟ್ರೇಲರ್ ಕಾದು ನಿಂತದ್ದಕ್ಕೆ ಕೊಟ್ಟ ಹಾಲ್ಟಿಂಗ್ ಚಾರ್ಜು ಸೇರಿ ಮೂವತ್ತು ಸಾವಿರಕ್ಕೂ ಹೆಚ್ಚು ಹೋಯಿತು. ಎರಡೂ ಕಡೆ ತೂಕವನ್ನು ಸರಿಯಾಗಿಯೇ ಹಿಡಿದಿದ್ದೆ ಎಂಬುದೇ ನನ್ನನ್ನು ಯೋಚನೆಗೆ ಹಚ್ಚಿತು.

ಈಗ ಜಾಗ ನೋಡದೆ ನಾನು ದರ ಹೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದೊಳಗೆ ಹೋಗಿ ನೋಡಲು ಹಣ ಕೇಳುವುದಿಲ್ಲ. ಗದಗ, ಹಾವೇರಿ ಕಡೆಗಾದರೆ ಎರಡು-ಮೂರು ಸಾವಿರ ಪಡೆದು, ಕೆಲಸ ಸಿಕ್ಕರೆ ಬಿಲ್ಲಿನಲ್ಲಿ ಕಳೆಯುತ್ತೇನೆ. ಟ್ರೇಲರ್ ನಿಲ್ಲುವ ಜಾಗದಿಂದ ಫೌಂಡೇಶನ್ ಬೋಲ್ಟಿನವರೆಗಿನ ದಾರಿಯನ್ನು ತುಂಡು ತುಂಡಾಗಿ ಬರೆದುಕೊಂಡು, ಒಂದೊಂದು ತುಂಡಿಗೆ ಎಷ್ಟು ಗಂಟೆ ಎಂದು ಹಾಕುತ್ತೇನೆ. ಆರು ಜನ, ಒಬ್ಬ ಫಿಟ್ಟರ್, ಜಾಕಿ, ಚೈನ್ ಬ್ಲಾಕ್, ವಿಮೆ, ವಾಹನ ಎಲ್ಲವೂ ಸೇರಿ ಗಂಟೆಗೆ ನನಗೆ ಬೀಳುವ ಖರ್ಚು ಸಾವಿರ ರೂಪಾಯಿಯ ಆಸುಪಾಸು. ಹೈಡ್ರಾ ಗಂಟೆಗೆ 1,300ರ ಸುಮಾರು, ಕನಿಷ್ಠ ನಾಲ್ಕು ಗಂಟೆ; ಹುಬ್ಬಳ್ಳಿಯಿಂದ ಗದಗಕ್ಕೆ ಅರವತ್ತು ಕಿಲೋಮೀಟರಿನಷ್ಟು ದೂರ ಅದು ಓಡಾಡುವ ಗಂಟೆಗಳನ್ನೂ ಬಿಡದೆ ಸೇರಿಸುತ್ತೇನೆ.

ಮಾಡಿನ ಎತ್ತರವನ್ನು ನಮ್ಮಲ್ಲಿ ಯಾರೂ ಹಣದ ವಿಷಯವೆಂದು ನೋಡುವುದಿಲ್ಲ. ಗೋಕುಲ ರಸ್ತೆಯ ಹಳೆಯ ಶೆಡ್ಡುಗಳಲ್ಲಿ ಹುಕ್ಕನ್ನು ಮೇಲಕ್ಕೆ ಒಯ್ಯಲು ಜಾಗವಿಲ್ಲದ ಕಾರಣ, ಯಂತ್ರವನ್ನು ಹುಕ್ಕಿಗೆ ಕಟ್ಟುವ ಸ್ಲಿಂಗಿನ ಕೋನ ಚಪ್ಪಟೆಯಾಗುತ್ತದೆ. ಎರಡು ಕಾಲಿನ ಸ್ಲಿಂಗ್ ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಕಾಲಿಗೆ ಭಾರದ ಶೇ. 58ರಷ್ಟು ಎಳೆತ ಬೀಳುತ್ತದೆ. ಕೋನ 30ಕ್ಕೆ ಇಳಿದರೆ ಒಂದೊಂದು ಕಾಲೂ ಪೂರ್ತಿ ಭಾರದಷ್ಟೇ ಎಳೆತ ತಾಳಬೇಕು. ಆಗ ಸ್ಲಿಂಗಿನ ಕಾಲುಗಳನ್ನು ಅಗಲಿಸಿ ಹಿಡಿಯುವ ಸ್ಪ್ರೆಡರ್ ಬೀಮ್ ಅಥವಾ ನೆಲದ ಮೇಲೆ ನಿಂತು ಭಾರ ಎತ್ತುವ ಚೌಕಟ್ಟಾದ ಗ್ಯಾಂಟ್ರಿ ಬೇಕೇ ಬೇಕು, ಅದಕ್ಕೆ ಹನ್ನೆರಡರಿಂದ ಹದಿನೈದು ಸಾವಿರದ ಪ್ರತ್ಯೇಕ ಸಾಲು ಬೀಳುತ್ತದೆ. ಗಿರಾಕಿಗೆ ಒಂದು ಹಗ್ಗ ಹಿಡಿದು ಈ ಕೋನವನ್ನು ತೋರಿಸಿದ ಮೇಲೆ ಆ ಸಾಲಿನ ಬಗ್ಗೆ ಚೌಕಾಸಿ ನಡೆದದ್ದು ಕಡಿಮೆ.

ಹೆಚ್ಚು ಒದ್ದಾಡಿದ್ದು ಕಾಯುವ ಗಂಟೆಗಳ ವಿಷಯದಲ್ಲಿ. ಹಾಲ್ಟಿಂಗ್ ಚಾರ್ಜು ಎಂದು ಬರೆದರೆ ಬಿಲ್ ಕೊಡುವಾಗ ಜಗಳ ನಿಶ್ಚಿತ. ದಾರಿಯನ್ನು ತಾವೇ ಖುಲ್ಲಾ ಮಾಡಿಕೊಡುವವರಿಗೆ ಶೇ. 5 ಸೋಡಿ (ರಿಯಾಯಿತಿ) ಕೊಟ್ಟು ನೋಡಿದೆ. ಸೋಡಿ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ದಾರಿಯಲ್ಲಿದ್ದ ರ‍್ಯಾಕನ್ನೂ ಸರಿಸಿರಲಿಲ್ಲ. ಬಳಿಕ ಅದನ್ನು ತಿರುಗಿಸಿದೆ: ಕಾಯುವ ಗಂಟೆಗಳ ಮೊತ್ತವನ್ನು ಮೊದಲೇ ದರದಲ್ಲಿ ಸೇರಿಸಿ, ಕಾಯದೇ ಹೋದರೆ ಅದನ್ನು ವಾಪಸು ಕೊಡುವುದಾಗಿ ಕೊಟೇಶನ್ನಿನಲ್ಲೇ ಬರೆದೆ. ಅಂದಿನಿಂದ ನಾವು ಹೋಗುವಷ್ಟರಲ್ಲಿ ನೆಲ ಗುಡಿಸಿರುತ್ತದೆ. ಒಟ್ಟು ಗಂಟೆಗಳಲ್ಲಿ ಎಷ್ಟು ಪಾಲನ್ನು ಕಾಯುವುದಕ್ಕೆಂದು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಅಂಕಿ.

ಈ ನಡುವೆ ಬಾಡಿಗೆ ಉಳಿಸಲೆಂದು ಸ್ವಂತ ಸ್ಕೇಟುಗಳನ್ನೂ ಮಾಡಿಸಿದೆ. ಕಬ್ಬಿಣದ ಗಾಲಿಯವು ಭಾರ ತಾಳಿದರೂ ಎಪಾಕ್ಸಿ ನೆಲವನ್ನು ಗೀರಿದವು; ನೈಲಾನ್ ಗಾಲಿಯವು ಗೀರಲಿಲ್ಲ, ಆದರೆ ಒಂದು ಕಡೆ ರಾತ್ರಿಯಿಡೀ ಭಾರ ಹೊತ್ತು ನಿಂತದ್ದರಿಂದ ಚಪ್ಪಟೆಯಾದವು. ಈಗ ನೈಲಾನಿನವನ್ನೇ ಬಳಸುತ್ತೇನೆ, ಸಂಜೆ ಕೆಲಸ ನಿಲ್ಲಿಸುವಾಗ ಯಂತ್ರವನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಇಳಿಸಿಡುತ್ತೇವೆ. ಈ ಇಳಿಸುವ-ಎತ್ತುವ ಒಂದು ಗಂಟೆಯೂ ದರದಲ್ಲಿದೆ.

ಲೆವೆಲಿಂಗ್ (ಯಂತ್ರವನ್ನು ಸಮಮಟ್ಟಕ್ಕೆ ತರುವುದು) ಮತ್ತು ಗ್ರೌಟಿಂಗಿಗೆ (ಅದರ ಅಡಿಯ ಸಂದಿಗೆ ಗಾರೆ ತುಂಬುವುದು) ಬೇರೆಯೇ ದರ. ಮೀಟರಿಗೆ 0.02 ಎಂಎಂ ತೋರಿಸುವ ಲೆವೆಲ್ ಇಟ್ಟು ಕೂಡಿಸಿದ ಲೇಥನ್ನು ಗ್ರೌಟ್ ಗಟ್ಟಿಯಾದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಎರಡನೆಯ ಭೇಟಿಯ ಹಣವನ್ನು ಮೊದಲೇ ಬರೆಯದಿದ್ದರೆ ಅದು ಧರ್ಮದ ಕೆಲಸವಾಗುತ್ತದೆ. ಜಿಎಸ್‌ಟಿ ಶೇ. 18 ಹೊರಗೆ. ಹಣ ಅರ್ಧ ಮುಂಗಡ, ಯಂತ್ರ ಜಾಗದಲ್ಲಿ ಕುಳಿತ ದಿನ ಶೇ. 40, ಲೆವೆಲ್ ಒಪ್ಪಿ ಸಹಿ ಹಾಕಿದ ಮೇಲೆ ಉಳಿದದ್ದು. ಸಣ್ಣ ಉದ್ಯಮದವರ ಬಿಲ್ಲಿಗೆ ಹಣ ಕೊಡಲು 2006ರ ಎಂಎಸ್‌ಎಂಇಡಿ ಕಾಯ್ದೆ ಹಾಕಿದ 45 ದಿನಗಳ ಮಿತಿಯನ್ನು ಉದ್ಯಮ್ ನೋಂದಣಿ ಸಂಖ್ಯೆಯೊಂದಿಗೆ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ್ದೇನೆ. ಆ ಅವಧಿಯಲ್ಲಿ ಸಣ್ಣ ಉದ್ಯಮದವರಿಗೆ ಕೊಡದ ಹಣವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸಲಾಗದು ಎಂಬ ಆದಾಯ ತೆರಿಗೆ ನಿಯಮ ಬಂದ ಮೇಲೆ, ಮಾರ್ಚಿನಲ್ಲಿ ಗಿರಾಕಿಗಳ ಲೆಕ್ಕಿಗರೇ ಫೋನ್ ಮಾಡುತ್ತಾರೆ.

ಹೀಗೆ ಬರೆದ ಕೊಟೇಶನ್ನುಗಳಲ್ಲಿ ಮೂರಕ್ಕೆ ಒಂದು ಸಿಗುತ್ತದೆ. ಮೊದಲು ಎರಡಕ್ಕೆ ಒಂದು ಸಿಗುತ್ತಿತ್ತು. ಆದರೆ ಆಗ ವರ್ಷದ ಕೊನೆಗೆ ಶೇ. 6 ಉಳಿದರೆ ಹೆಚ್ಚು, ಈಗ 16ರಿಂದ 18ರವರೆಗೆ ಉಳಿಯುತ್ತದೆ. ತೆರೆದ ಅಂಗಳದಲ್ಲಿ, ಗಟ್ಟಿ ನೆಲದ ಮೇಲೆ ಟ್ರೇಲರಿನಿಂದ ಕಟ್ಟೆಯ ಮೇಲೆ ಇಳಿಸುವ ಟ್ರಾನ್ಸ್‌ಫಾರ್ಮರ್, ಜನರೇಟರುಗಳಿಗೆ ಮಾತ್ರ ಈಗಲೂ ಟನ್ನಿನ ರೇಟನ್ನೇ ಫೋನಿನಲ್ಲಿ ಹೇಳಿಬಿಡುತ್ತೇನೆ.