ಗುದ್ದಲಿಗೆ ಹಳೆಯ ಗುಡಾಣ ತಾಗಿದರೆ ಏನು ಮಾಡಬೇಕು?

ಅರಸೀಕೆರೆ, ಕಡೂರು ಕಡೆ ಕೃಷಿ ಹೊಂಡ ತೆಗೆಯುವಾಗಲೋ, ಮೂಡಿಗೆರೆಯ ಕಾಫಿ ತೋಟದಲ್ಲಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೋಡುವಾಗಲೋ ಮಣ್ಣಿನ ದೊಡ್ಡ ಗುಡಾಣವೊಂದು ಬಾಯಿ ತೋರಿಸಿತು ಎನ್ನಿ. ಸಂಜೆಯೊಳಗೆ ಊರ ತುಂಬ ‘ನಿಧಿ ಸಿಕ್ಕಿದೆ’ ಎಂದು ಗುಲ್ಲೇಳುತ್ತದೆ. ನಿಧಿಯ ಆಸೆಗೆ ಗುಡಾಣ ಒಡೆದವರಿಗೆ ಸಾಮಾನ್ಯವಾಗಿ ದಕ್ಕುವುದು ಎಲುಬಿನ ಚೂರು, ತುಕ್ಕು ತಿಂದ ಕಬ್ಬಿಣ, ಒಂದಿಷ್ಟು ಮಣಿ.

ಮೊದಲು ಜೆಸಿಬಿ ನಿಲ್ಲಿಸಿ. ಗುಡಾಣವನ್ನು ಎತ್ತಲು ಹೋಗಬೇಡಿ.

ಬಳಿಕ ಸುತ್ತ ಕಣ್ಣಾಡಿಸಿ. ದುಂಡಗೆ ಜೋಡಿಸಿದ ಬಂಡೆಗಳಿವೆಯೇ? ಬಿದ್ದ ಚೂರುಗಳು ಬಾಯಂಚಿನಲ್ಲಿ ಮತ್ತು ಒಳಗೆ ಕಪ್ಪು, ಹೊರಗೆ ಕೆಳಭಾಗದಲ್ಲಿ ಕೆಂಪು ಇದ್ದು, ಮೈ ನುಣುಪಾಗಿದೆಯೇ? ಹಾಗಿದ್ದರೆ ಅದು ಎರಡು–ಮೂರು ಸಾವಿರ ವರ್ಷ ಹಿಂದಿನ ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ಸತ್ತವರನ್ನು ಹೂತು ದೊಡ್ಡ ಬಂಡೆಗಳನ್ನು ಜೋಡಿಸುತ್ತಿದ್ದವರ, ಸಮಾಧಿಯಾಗಿರುವ ಸಾಧ್ಯತೆ ಹೆಚ್ಚು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇಂಥ ಸಮಾಧಿಗಳಿದ್ದವು. ಅದಕ್ಕೂ ಹಿಂದಿನ, ನಯಗೊಳಿಸಿದ ಕಲ್ಲಿನ ಆಯುಧ ಬಳಸುತ್ತಿದ್ದ ನವಶಿಲಾಯುಗದವರು ಅಲ್ಲಿ ಎಳೆಯ ಮಕ್ಕಳನ್ನು ಗುಡಾಣದಲ್ಲಿಟ್ಟು ಹೂಳಿದ್ದರು.

ಎಲ್ಲಕ್ಕಿಂತ ಮುಖ್ಯ, ತೊಳೆಯಬೇಡಿ. ಒಳಗಿನ ಮಣ್ಣನ್ನು ಸುರಿಯಲೂಬೇಡಿ. ನನ್ನನ್ನು ಕೇಳಿದರೆ ಗುಡಾಣಕ್ಕಿಂತ ಆ ಮಣ್ಣೇ ಹೆಚ್ಚು ಬೆಲೆಯುಳ್ಳದ್ದು. ಅದರಲ್ಲಿರುವ ಇದ್ದಿಲಿನಿಂದ ಕಾಲ ನಿರ್ಣಯ ಸಾಧ್ಯ. ಸುಟ್ಟ ಕಾಳಿನಿಂದ ಆಗಿನವರ ಊಟ ಗೊತ್ತಾಗುತ್ತದೆ. ಹಲ್ಲಿನ ಸವೆತ ಸತ್ತವರ ವಯಸ್ಸಿನ ಸುಳಿವು ಕೊಡುತ್ತದೆ. ಯಾವ ವಸ್ತು ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದು ಒಮ್ಮೆ ಕಲಸಿಹೋದರೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಕೊಡಲಾರದು.

ಫೋಟೊ ತೆಗೆಯಿರಿ: ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಹತ್ತಿರದಿಂದ ಒಂದು, ಹೊಲದ ಬದುವೋ ಮರವೋ ಕಾಣುವಂತೆ ದೂರದಿಂದ ಒಂದು. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ, ರಾತ್ರಿಯೇ ಹಾರೆ ಹಿಡಿದು ಬರುವವರಿದ್ದಾರೆ.

ಹಸಿ ನೆಲದಲ್ಲಿದ್ದ ಮಡಕೆ ಬಿಸಿಲಿಗೆ ಬಿದ್ದರೆ ಬಿರುಕು ಬಿಡುತ್ತದೆ. ಅಗೆದ ಮಣ್ಣನ್ನೇ ಸಡಿಲವಾಗಿ ಹೊದಿಸಿ, ಮೇಲೆ ಗೋಣಿಚೀಲ ಹಾಸಿ. ಮಳೆಗಾಲವಾದರೆ ಸ್ವಲ್ಪ ಎತ್ತರದಲ್ಲಿ ಟಾರ್ಪಾಲ್ ಕಟ್ಟಿ, ನೀರು ಹರಿದುಹೋಗಲು ಪಕ್ಕದಲ್ಲಿ ಕಾಲುವೆ ಬಿಡಿ.

ಆಮೇಲೆ ತಹಶೀಲ್ದಾರ್ ಕಚೇರಿಗೆ ತಿಳಿಸಿ. ಜಿಲ್ಲಾಧಿಕಾರಿಗೂ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೂ ಅರ್ಜಿ ಬರೆದು ಸರ್ವೆ ನಂಬರ್, ಸಿಕ್ಕ ದಿನ, ಆಳ ನಮೂದಿಸಿ, ಫೋಟೊ ಲಗತ್ತಿಸಿ. ಬಾಯಿಮಾತಿಗೆ ಬಿಡದೆ ಸ್ವೀಕೃತಿ ಪತ್ರ ಪಡೆಯಿರಿ. ನಾಳೆ ಯಾರಾದರೂ ‘ಚಿನ್ನ ಬಚ್ಚಿಟ್ಟಿದ್ದಾರೆ’ ಎಂದು ದೂರಿದರೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ.